ಏರ್ ರೈಫಲ್‌ಗೆ ಸೈಟ್ ರೈಲ್ ಕೂರಿಸುವಾಗ ಹಿಂದಿನ ತೂತು ಪಕ್ಕಕ್ಕೆ ಹೋಗಿದೆ, ಸರಿ ಮಾಡೋದು ಹೇಗೆ?

ಹೊಸನಗರ_ತೋಟ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೆಯ ಬ್ರೇಕ್ ಬ್ಯಾರೆಲ್ ಏರ್ ರೈಫಲ್ ಇದೆ. 4.5 ಮಿ.ಮೀ., ಸ್ಪ್ರಿಂಗ್‌ನದ್ದು. ಮೇಲೆ ಬರೀ ದುಂಡು ಟ್ಯೂಬ್, ರೈಲ್ ಇಲ್ಲ. ಮಗಳು 10 ಮೀಟರ್ ಗುರಿ ಕಲಿಯುತ್ತಿದ್ದಾಳೆ. ಓಪನ್ ಸೈಟಿನಲ್ಲಿ ಕೈ ಕೂತಿದೆ, ಇನ್ನು ಪೀಪ್ ಸೈಟ್ (ಸಣ್ಣ ಕಿಂಡಿಯಲ್ಲಿ ನೋಡಿ ಗುರಿ ಹಿಡಿಯುವುದು) ಹಾಕೋಣ ಅಂತ 11 ಮಿ.ಮೀ. ಡವ್‌ಟೇಲ್ ರೈಲ್ ತರಿಸಿದೆವು, ಸೈಟ್ ಕಚ್ಚಿಕೊಳ್ಳುವ ಪಟ್ಟಿ. ಅದಕ್ಕೆ ಎರಡು ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ, ನಡುವೆ 70 ಮಿ.ಮೀ. ಅಂತರ.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಕೊರೆಸಿದ್ದಾಯಿತು. ಮುಂದಿನ ತೂತು ಸರಿಯಾಗಿದೆ. ಹಿಂದಿನದು ಬಲಕ್ಕೆ 0.7 ಮಿ.ಮೀ. ಜಾರಿದೆ. ಅದಕ್ಕೆ ಟ್ಯಾಪ್ ಹಾಕಿ ಥ್ರೆಡ್ ಕೂಡ ಮಾಡಿ ಕೊಟ್ಟಿದ್ದಾರೆ. ಈಗ ಹಿಂದಿನ ಸ್ಕ್ರೂ ಬಿಗಿ ಮಾಡಿದರೆ ರೈಲ್ ಓರೆಯಾಗುತ್ತದೆ, ಎಡ ಅಂಚಿನ ಕೆಳಗೆ ಬೆಳಕು ಕಾಣುತ್ತದೆ. ಮುಚ್ಚಿ ಮತ್ತೆ ಕೊರೆಸಬೇಕಾ? ಅಥವಾ ಹೀಗೇ ಬಿಡಬಹುದಾ?

ಮಲೆನಾಡ್_ಗ್ಯಾರೇಜ್
ತಲೆಬಿಸಿ ಬೇಡ ಮಾರಾಯ್ರೆ. ಆರ್ಗಾನ್ ವೆಲ್ಡಿಂಗ್ ಮಾಡುವವರ ಹತ್ತಿರ ತೂತು ತುಂಬಿಸಿ, ಗ್ರೈಂಡ್ ಮಾಡಿ, ಸರಿಯಾದ ಜಾಗದಲ್ಲಿ ಪುನಃ ಕೊರೆಸಿ. ಬೈಕ್ ಇಂಜಿನ್ ಕೇಸಿಗೆ ನಾವು ದಿನಾ ಮಾಡುತ್ತೇವೆ.

ಭದ್ರಾವತಿ_ಟೂಲ್‌ರೂಮ್
ದಯವಿಟ್ಟು ವೆಲ್ಡ್ ಮಾಡಿಸಬೇಡಿ. ಇಂಜಿನ್ ಕೇಸ್ ದಪ್ಪ ಅಲ್ಯೂಮಿನಿಯಂ. ಇದು ತೆಳು ಉಕ್ಕಿನ ಟ್ಯೂಬ್, ಒಳಗೆ ಪಿಸ್ಟನ್ ಓಡಾಡುತ್ತದೆ. ಒಂದೇ ಕಡೆ ಅಷ್ಟು ಬಿಸಿ ಬಿದ್ದರೆ ಆರುವಾಗ ಟ್ಯೂಬ್ ಅಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಪಿಸ್ಟನ್ ಆ ಜಾಗದಲ್ಲಿ ಉಜ್ಜುತ್ತದೆ. ಒಳಗೆಲ್ಲ ಹೋನಿಂಗ್ ಮಾಡಿಸಿ ಉಜ್ಜಿ ನಯ ಮಾಡಬೇಕಾಗುತ್ತದೆ, ಮೇಲಿನ ಬ್ಲೂಯಿಂಗ್ (ತುಕ್ಕು ತಡೆಯುವ ಕಪ್ಪು ಲೇಪ) ಸುಟ್ಟು ಹೋಗುತ್ತದೆ. ಒಂದು ಮಿಲಿಮೀಟರೂ ಇಲ್ಲದ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಬೇಡ.

ತೋಟದವರೇ, ಮೊದಲು ಕೆಲವು ವಿಷಯ ಹೇಳಿ. ಟ್ಯೂಬಿನ ದಪ್ಪ ಎಷ್ಟು? ಕಾಕ್ ಮಾಡಿದಾಗ (ಸ್ಪ್ರಿಂಗ್ ಒತ್ತಿ ಹೊಡೆಯಲು ಸಜ್ಜು ಮಾಡಿದಾಗ) ಪಿಸ್ಟನ್ ಸೀಲ್, ಅಂದರೆ ಗಾಳಿ ಸೋರದಂತೆ ಪಿಸ್ಟನ್ ಮುಂದೆ ಇರುವ ಬಿರಡೆ, ಎಲ್ಲಿಯವರೆಗೆ ಹಿಂದೆ ಬರುತ್ತದೆ, ತೂತುಗಳು ಅದಕ್ಕಿಂತ ಹಿಂದೆ ಇವೆಯಾ? ಕೊರೆಯುವಾಗ ಸ್ಪ್ರಿಂಗ್, ಪಿಸ್ಟನ್ ಹೊರಗೆ ತೆಗೆದಿದ್ದರಾ? ಬರೀ ಪೀಪ್ ಸೈಟಾ, ಮುಂದೆ ಸ್ಕೋಪ್ ಕೂಡ ಹಾಕುವ ಯೋಚನೆ ಇದೆಯಾ?

ಹೊಸನಗರ_ತೋಟ
ಸರ್, ವರ್ನಿಯರ್ ಇಟ್ಟು ನೋಡಿದೆ. ಟ್ಯೂಬ್ ಹೊರಗೆ 28 ಮಿ.ಮೀ., ದಪ್ಪ 2.5. ಸ್ಪ್ರಿಂಗ್ ಮತ್ತು ಪಿಸ್ಟನ್ ತೆಗೆದೇ ಕೊಟ್ಟಿದ್ದೆ, ಇನ್ನೂ ಹಾಕಿಲ್ಲ. ಎರಡೂ ತೂತು ಟ್ಯೂಬಿನ ಹಿಂಭಾಗದಲ್ಲೇ ಇವೆ. ಸೀಲ್ ಅಲ್ಲಿವರೆಗೆ ಬರುವುದಿಲ್ಲ, ಪಿಸ್ಟನ್ನಿನ ಹಿಂದಿನ ಭಾಗ ಮಾತ್ರ ಬರುತ್ತದೆ. ಈಗ ಪೀಪ್ ಸೈಟ್. ಮುಂದಿನ ವರ್ಷ ಮಗ ಸ್ಕೋಪ್ ಬೇಕು ಅಂತ ಹಟ ಹಿಡಿದರೆ ಗೊತ್ತಿಲ್ಲ.

ಭದ್ರಾವತಿ_ಟೂಲ್‌ರೂಮ್
ಒಳ್ಳೆಯ ಸುದ್ದಿ. ಸೀಲ್ ಓಡುವ ದಾರಿಯಲ್ಲಿ ತೂತು ಬಿದ್ದಿದ್ದರೆ ಗಾಳಿ ಸೋರಿ, ಸೀಲ್ ಹರಿದು, ಟ್ಯೂಬೇ ಬದಲಿಸಬೇಕಾಗುತ್ತಿತ್ತು. ಓದುವ ಬೇರೆಯವರೂ ಗಮನಿಸಿ: ಸ್ಪ್ರಿಂಗ್ ಗನ್ನಿನಲ್ಲಿ ಕಾಕ್ ಮಾಡಿದಾಗ ಸೀಲ್ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದೆ ಡ್ರಿಲ್ ಬಿಟ್ ತಾಗಿಸಲೇಬಾರದು.

ಈಗ 0.7 ಮಿ.ಮೀ. ಎಷ್ಟು ಕೆಡಿಸುತ್ತದೆ ನೋಡೋಣ. ಸ್ಕೋಪಿನಲ್ಲಿ ರೈಲ್ ಎಷ್ಟು ಓರೆ ಅನ್ನೋದು ಮುಖ್ಯ. 70 ಮಿ.ಮೀ.ಗೆ 0.7 ಅಂದರೆ ನೂರಕ್ಕೆ ಒಂದು. 10 ಮೀಟರಿಗೆ 10 ಸೆಂ.ಮೀ. ಪಕ್ಕಕ್ಕೆ! ಒಂದು ಕ್ಲಿಕ್ಕಿಗೆ ಕಾಲು ಮಿನಿಟ್ (ಡಿಗ್ರಿಯ 240ರಲ್ಲಿ ಒಂದು ಭಾಗ) ಸರಿಯುವ ಸ್ಕೋಪ್ ಆದರೆ ಸುಮಾರು 137 ಕ್ಲಿಕ್ ತಿರುಗಿಸಬೇಕು. ಕೆಲವು ಸ್ಕೋಪಿನಲ್ಲಿ ಅಷ್ಟು ದೂರ ಹೋಗಲು ಜಾಗವೇ ಇರುವುದಿಲ್ಲ.

ಪೀಪ್ ಸೈಟಿನ ಲೆಕ್ಕ ಬೇರೆ. ಅಲ್ಲಿ ಹಿಂದಿನ ಕಿಂಡಿ ನಡುಗೆರೆಯಿಂದ ಎಷ್ಟು ಪಕ್ಕಕ್ಕಿದೆ ಅನ್ನೋದು ಮುಖ್ಯ. ಪೀಪ್ ಹಿಂದಿನ ಸ್ಕ್ರೂಗಿಂತ ಸ್ವಲ್ಪ ಹಿಂದೆ ಕೂರುತ್ತದೆ. ಕಿಂಡಿ 0.9 ಮಿ.ಮೀ. ಬಲಕ್ಕಿದೆ, ಅಲ್ಲಿಂದ ಮುಂದಿನ ಸೈಟಿಗೆ 70 ಸೆಂ.ಮೀ. ಅಂತ ಇಟ್ಟುಕೊಳ್ಳಿ. 10 ಮೀಟರಿನಲ್ಲಿ ಸುಮಾರು 13 ಮಿ.ಮೀ. ತಪ್ಪು. 10 ಮೀಟರ್ ಏರ್ ರೈಫಲ್ ಟಾರ್ಗೆಟ್ಟಿನ ಹತ್ತರ ಚುಕ್ಕೆ ಬರೀ 0.5 ಮಿ.ಮೀ., ಉಂಗುರಗಳು 2.5 ಮಿ.ಮೀ. ಅಂತರದಲ್ಲಿವೆ. ಹತ್ತು ಬರಬೇಕಾದ ಗುಂಡು ಐದಕ್ಕೆ ಬೀಳುತ್ತದೆ. ಪೀಪ್ ಸೈಟಿನ ನಾಬ್ ತಿರುಗಿಸಿ ಇದನ್ನು ಸರಿ ಮಾಡಬಹುದು. ಆದರೆ ಅಂಚು ಎದ್ದಿರುವ ರೈಲ್ ಹೊಡೆತಕ್ಕೆ ಅಲುಗುತ್ತದೆ, ನಾಬ್ ಅದನ್ನು ಸರಿ ಮಾಡಲ್ಲ. ಹಾಗಾಗಿ ಹೀಗೇ ಬಿಡಬೇಡಿ.

ಸಾಗರ_ಲೇತ್
ತೂತನ್ನೇ ದೊಡ್ಡದು ಮಾಡಿ ಒಂದು ಸೈಜ್ ಮೇಲಿನ ಸ್ಕ್ರೂ ಹಾಕೋದು ಸುಲಭ ಅಲ್ವಾ? ವಿದೇಶದ ಬಂದೂಕು ರಿಪೇರಿಯವರೂ ಹಾಗೇ ಮಾಡುತ್ತಾರೆ. ಅಲ್ಲಿನ ರೈಫಲ್‌ಗಳಿಗೆ 6-48 ಸ್ಕ್ರೂ (6ನೇ ನಂಬರ್ ದಪ್ಪ, ಇಂಚಿಗೆ 48 ಸುತ್ತು) ಬರುತ್ತದೆ. ತೂತು ಜಾರಿದರೆ 8-40ಕ್ಕೆ ಏರಿಸುತ್ತಾರೆ. ನಿಮಗೆ ಎಂ3 ಇರುವಲ್ಲಿ ಎಂ4.

ಭದ್ರಾವತಿ_ಟೂಲ್‌ರೂಮ್
ವಿಧಾನ ಸರಿಯೇ. ಆದರೆ ಇಲ್ಲಿ ಅಳತೆ ಸಾಲುವುದಿಲ್ಲ ತಮ್ಮಾ. 6-48ರ ಸ್ಕ್ರೂ 3.5 ಮಿ.ಮೀ., 8-40ರದ್ದು 4.2. ವ್ಯತ್ಯಾಸ ಬರೀ 0.7, ಅಂದರೆ ಒಂದು ಬದಿಗೆ 0.35. ಅಷ್ಟರೊಳಗೆ ಜಾರಿದ ತೂತಿಗೆ ಮಾತ್ರ ಆ ದಾರಿ ಸರಿಯಾಗಿ ಕೆಲಸ ಮಾಡುತ್ತದೆ.

ಇವರದ್ದು 0.7 ಜಾರಿದೆ. ಹಳೆಯ ತೂತು ಪೂರ್ತಿ ಅಳಿಸಬೇಕಾದರೆ ಹೊಸದು 4.4 ಮಿ.ಮೀ. ಆಗಬೇಕು. ಎಂ4ಕ್ಕೆ ಕೊರೆಯೋದು 3.3, ಎಂ5ಕ್ಕೆ 4.2. ಹಾಗಾಗಿ ಎಂ4 ಆಗೋದೇ ಇಲ್ಲ, ಎಂ5ಕ್ಕೆ ಹೋಗಬೇಕು. ಆಗಲೂ ಒಂದು ಬದಿಯ ಥ್ರೆಡ್ ಸ್ವಲ್ಪ ತೆಳು. ಎಂ5 ಅಲೆನ್ ಸ್ಕ್ರೂವಿನ ತಲೆ 8.5 ಮಿ.ಮೀ. 11 ಮಿ.ಮೀ. ರೈಲಿನಲ್ಲಿ ಅದನ್ನು ಹುದುಗಿಸಿದರೆ ಡವ್‌ಟೇಲಿನ ಅಂಚಿನಲ್ಲಿ ಎಂತ ಉಳಿಯುತ್ತದೆ?

ಇನ್ನೊಂದು ವಿಷಯ. ಟ್ಯೂಬ್ ದಪ್ಪ 2.5. ಎಂ3ರ ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ) 0.5, ಐದು ಸುತ್ತು ಹಿಡಿಯುತ್ತದೆ. ಎಂ5ರ ಪಿಚ್ 0.8, ಮೂರೇ ಸುತ್ತು. ಸ್ಕ್ರೂ ದಪ್ಪ ಆಯಿತು, ಹಿಡಿಯುವ ಸುತ್ತು ಕಡಿಮೆ ಆಯಿತು. ತೆಳು ಗೋಡೆಗೆ ಸಣ್ಣ ಪಿಚ್ ಬೇಕು. ಬಂದೂಕಿನವರು ಇಂಚಿಗೆ 48 ಸುತ್ತಿನ ಸ್ಕ್ರೂ ಇಟ್ಟುಕೊಂಡಿರೋದು ಸುಮ್ನೆ ಅಲ್ಲ.

ಸಾಗರ_ಲೇತ್
ಲೆಕ್ಕ ಒಪ್ಪಿದೆ ಸರ್. ಹಾಗಾದರೆ ಎಂ3 ಸ್ಕ್ರೂವನ್ನೇ ಲಾಕ್‌ಟೈಟ್ (ಸ್ಕ್ರೂ ಅಂಟು) ಹಚ್ಚಿ ತೂತಿಗೆ ತುಂಬಿ, ಮೇಲೆ ಫೈಲ್ ಮಾಡಿ, ಪಕ್ಕದಲ್ಲಿ ಕೊರೆದರೆ?

ಭದ್ರಾವತಿ_ಟೂಲ್‌ರೂಮ್
0.7 ಪಕ್ಕದಲ್ಲಿ ಕೊರೆದರೆ ಬಿಟ್ ಬಹುಪಾಲು ಪ್ಲಗ್ ಮೇಲೆ, ಸ್ವಲ್ಪ ಟ್ಯೂಬ್ ಮೇಲೆ ಕೂರುತ್ತದೆ. ಯಾವುದು ಮೆತ್ತಗಿದೆಯೋ ಆ ಕಡೆ ಓಡುತ್ತದೆ. ಮತ್ತೆ ಹಳೆಯ ಜಾಗಕ್ಕೇ ಜಾರುತ್ತದೆ. ಜೊತೆಗೆ ಪ್ಲಗ್ ಬಿಟ್ ಜೊತೆಯೇ ತಿರುಗಿ ಒಳಗೆ ಬಿದ್ದರೂ ಬಿತ್ತು. ಇಂಥ ಅರ್ಧಂಬರ್ಧ ತೂತಿಗೆ ಡ್ರಿಲ್ ಬಿಟ್ ಬೇಡ, ಮಿಲ್ಲಿಂಗ್ ಮೆಷಿನ್ನಿನಲ್ಲಿ ಎಂಡ್ ಮಿಲ್ (ತುದಿ ಸಪಾಟಾದ ಗಟ್ಟಿ ಕಟ್ಟರ್) ಹಾಕಬೇಕು. ಎಂಡ್ ಮಿಲ್ ಪಕ್ಕಕ್ಕೆ ಓಡಲ್ಲ. ಆದರೂ ಉಳಿಯೋದು ಎರಡು ಚೂರು ಸೇರಿದ ಥ್ರೆಡ್. ನನಗೆ ಇಷ್ಟ ಇಲ್ಲ.

ಕೊಪ್ಪ_ಕಾಡುದಾರಿ
ನಾನು ಬೇರೆ ಮಾತು ಹೇಳುತ್ತೇನೆ. ಪಕ್ಕಕ್ಕೆ ಕೊರೆಯೋದೇ ಬೇಡ. ರೈಲನ್ನು ಉದ್ದಕ್ಕೆ 8 ಮಿ.ಮೀ. ಸರಿಸಿ, ಎರಡೂ ತೂತು ಹೊಸದಾಗಿ ಕೊರೆಸಿ. ಹೊಸ ತೂತು ಮುಟ್ಟದ ಉಕ್ಕಿನಲ್ಲಿ ಬೀಳುತ್ತದೆ. ಹಳೆಯವು ರೈಲಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಅವಕ್ಕೆ ಚಿಕ್ಕ ಗ್ರಬ್ ಸ್ಕ್ರೂ (ತಲೆ ಇಲ್ಲದ್ದು) ಹಾಕಿದರೆ ಮಳೆನೀರೂ ಹೋಗಲ್ಲ.

ಭದ್ರಾವತಿ_ಟೂಲ್‌ರೂಮ್
ಇದು ಒಳ್ಳೆಯ ಸಲಹೆ, ಒಪ್ಪುತ್ತೇನೆ. ಎರಡು ಷರತ್ತು. ಮುಂದಕ್ಕೆ ಸರಿಸಿದರೆ ಸೀಲ್ ಜಾಗಕ್ಕೆ ಹೋಗಬಾರದು. ಹಿಂದಕ್ಕೆ ಸರಿಸಿದರೆ ಟ್ರಿಗರ್ ಬ್ಲಾಕ್ ಕೂರುವ ಜಾಗ ಮುಟ್ಟಬಾರದು. ಮತ್ತೆ ಅದೇ ಕೈ ಅದೇ ರೀತಿ ಕೊರೆದರೆ ನಾಲ್ಕು ತೂತಾಗುತ್ತದೆ, ಅಷ್ಟೇ.

ನಾನಾದರೆ ಗನ್ ಮುಟ್ಟಲ್ಲ. ತೂತು ಎಲ್ಲಿದೆಯೋ ಅಲ್ಲೇ ಇರಲಿ, ಥ್ರೆಡ್ ಚೆನ್ನಾಗಿದೆ ಅಲ್ವಾ? ಸರಿ ಮಾಡಬೇಕಾದ್ದು ರೈಲ್. ರೈಲ್ ಕೆಟ್ಟರೆ ಇನ್ನೊಂದು ತರಬಹುದು. ಟ್ಯೂಬ್ ಕೆಟ್ಟರೆ ಹಳೆಯ ಮಾಡೆಲ್ಲಿಗೆ ಎಲ್ಲಿಂದ ತರುತ್ತೀರಿ?

ಹೊಸನಗರ_ತೋಟ
ರೈಲಿನ ತೂತನ್ನು ಫೈಲಿನಲ್ಲಿ ಅಗಲ ಮಾಡಿ ನೋಡಿದೆವು ಸರ್. ಬಿಗಿ ಮಾಡಿದ ಕೂಡಲೇ ಮತ್ತೆ ಬಲಕ್ಕೆ ಎಳೆಯುತ್ತದೆ.

ಭದ್ರಾವತಿ_ಟೂಲ್‌ರೂಮ್
ಸ್ಕ್ರೂವಿನ ತಲೆ ಕೆಳಗೆ ಇಳಿಜಾರು ಇದೆಯಾ, ಕೌಂಟರ್‌ಸಿಂಕ್?

ಹೊಸನಗರ_ತೋಟ
ಹೌದು ಸರ್, ಮರದ ಸ್ಕ್ರೂ ತರಹದ ತಲೆ.

ಭದ್ರಾವತಿ_ಟೂಲ್‌ರೂಮ್
ಅದೇ ಕಾರಣ. ಕೌಂಟರ್‌ಸಿಂಕ್ ತಲೆ ಬಿಗಿಯಾಗುತ್ತಾ ತನ್ನ ಕೋನದ ನಡುವಿಗೇ ರೈಲನ್ನು ಎಳೆದುಕೊಳ್ಳುತ್ತದೆ. ಕೆಳಗಿನ ತೂತು ಎಷ್ಟು ಅಗಲ ಮಾಡಿದರೂ ಪ್ರಯೋಜನ ಇಲ್ಲ. ಅಲೆನ್ ತಲೆಯ ಸ್ಕ್ರೂ ಬೇಕು. ಅದರ ತಲೆಯ ಅಡಿ ಸಪಾಟು, ಪಕ್ಕಕ್ಕೆ ಎಳೆಯಲ್ಲ, ಕೆಳಕ್ಕೆ ಮಾತ್ರ ಒತ್ತುತ್ತದೆ.

ಹೀಗೆ ಮಾಡಿಸಿ. ಎಂ3 ಗ್ರಬ್ ಸ್ಕ್ರೂ ಎರಡು ತನ್ನಿ, ತುದಿ ಮೊನಚಾಗಿರುವುದು. ಮೊನೆ ಮೇಲೆ ಬರುವಂತೆ ಎರಡೂ ತೂತಿಗೆ ಹಾಕಿ, ಮೊನೆ ಮಾತ್ರ ಸ್ವಲ್ಪ ಹೊರಗಿರಲಿ. ಒಂದು ದಪ್ಪ ಅಲ್ಯೂಮಿನಿಯಂ ಪಟ್ಟಿಗೆ ಮಾರ್ಕಿಂಗ್ ಬ್ಲೂ ಹಚ್ಚಿ ಅದರ ಮೇಲೆ ಒತ್ತಿ. ಎರಡು ಚುಕ್ಕೆ ಬೀಳುತ್ತವೆ. ತೂತು ನಿಜವಾಗಿ ಎಲ್ಲಿದೆ ಅಂತ ಚುಕ್ಕೆ ಹೇಳುತ್ತದೆ, ಕಣ್ಣಳತೆ ಹೇಳಲ್ಲ. ಉದ್ದಕ್ಕೂ ಹೆಚ್ಚುಕಡಿಮೆ ಆಗಿದೆಯಾ ಅಂತಲೂ ಗೊತ್ತಾಗುತ್ತದೆ.

ಆಮೇಲೆ ರೈಲನ್ನು ಮಿಲ್ಲಿಂಗ್ ಮೆಷಿನ್ನಿಗೆ ಕಟ್ಟಿ, ಹಿಂದಿನ ತೂತನ್ನು ಅಷ್ಟೇ ಪಕ್ಕಕ್ಕೆ ಸ್ಲಾಟ್ ಮಾಡಿಸಿ. ಮೇಲೆ 6.5 ಮಿ.ಮೀ. ಎಂಡ್ ಮಿಲ್ಲಿನಿಂದ ಸಪಾಟು ಗುಂಡಿ, ಹಳೆಯ ಇಳಿಜಾರು ಪೂರ್ತಿ ಹೋಗುವಷ್ಟು ಆಳ. ಎಂ3 ಅಲೆನ್ ತಲೆ 5.5 ಮಿ.ಮೀ. ಅಗಲ, 3 ಮಿ.ಮೀ. ಎತ್ತರ. ರೈಲ್ 6 ಮಿ.ಮೀ. ದಪ್ಪ ಇದ್ದರೆ ತಲೆ ಮುಳುಗಿ ಅಡಿಗೆ ಸಾಕಷ್ಟು ಉಳಿಯುತ್ತದೆ. ಮುಂದಿನ ತೂತಿಗೂ ಅದೇ ತಲೆ ಹಾಕಿಸಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ ಕಡೆ ಮಿಲ್ಲಿಂಗ್ ಮೆಷಿನ್ ಇರುವವರು ಸಿಗುತ್ತಾರೆ. ರೈಲ್ ಮಾತ್ರ ತೆಗೆದುಕೊಂಡು ಹೋಗಿ. ಗನ್ ಹಿಡಿದು ಬಸ್ಸಿನಲ್ಲಿ ಓಡಾಡೋದು ಯಾಕೆ?

ಸಾಗರ_ಲೇತ್
ತೂತು ನೆಟ್ಟಗೆ ಇದೆಯಾ ಅಂತಲೂ ನೋಡಿಕೊಳ್ಳಿ. ದುಂಡಗಿನ ಮೇಲೆ ಪಕ್ಕಕ್ಕೆ ಹೋದ ತೂತು ಒಮ್ಮೊಮ್ಮೆ ಓರೆಯೂ ಆಗಿರುತ್ತದೆ. ಉದ್ದ ಸ್ಕ್ರೂ ಹಾಕಿ ಪಕ್ಕದಲ್ಲಿ ಮೂಲೆಮಟ್ಟ ಹಿಡಿದರೆ ಕಾಣುತ್ತದೆ. 28 ಮಿ.ಮೀ. ಟ್ಯೂಬಿನಲ್ಲಿ 0.7 ಪಕ್ಕಕ್ಕೆ ಹೋಗಿ, ಟ್ಯೂಬಿನ ನಡುವಿಗೆ ಮುಖ ಮಾಡಿ ಕೊರೆದಿದ್ದರೆ ಸುಮಾರು 3 ಡಿಗ್ರಿ ಓರೆ. ಆಗ ಅಲೆನ್ ತಲೆಯೂ ಒಂದು ಅಂಚಿನ ಮೇಲೆ ಮಾತ್ರ ಕೂರುತ್ತದೆ.

ತುಂಗೆ_ಹುಡುಗ
ಅಣ್ಣಾ, ಇದು ಜಾರಿದ್ದಾದರೂ ಯಾಕೆ? ಸೆಂಟರ್ ಪಂಚ್ ಹೊಡೆದೇ ಕೊರೆಯುತ್ತಾರಲ್ಲ?

ಸಾಗರ_ಲೇತ್
ದುಂಡು ಮೈ ಮೇಲೆ ಪಂಚ್ ಗುರುತು ಸಾಲುವುದಿಲ್ಲ ತಮ್ಮಾ. 2.5 ಮಿ.ಮೀ. ಬಿಟ್ ಉದ್ದ, ಸಪೂರ. ತುದಿ ಕಚ್ಚುವ ಮೊದಲೇ ಇಳಿಜಾರಿಗೆ ಬಗ್ಗುತ್ತದೆ. ಕೈ ಡ್ರಿಲ್ ಆದರಂತೂ ಕೇಳಲೇಬೇಡ. ಮೊದಲು ಸೆಂಟರ್ ಡ್ರಿಲ್ ಹಾಕಬೇಕು, ಅದು ಗಿಡ್ಡ, ದಪ್ಪ, ಬಗ್ಗಲ್ಲ. ಟ್ಯೂಬ್ ವಿ-ಬ್ಲಾಕಿನಲ್ಲಿ ಕೂರಬೇಕು. ನೆತ್ತಿಯ ನಡುಗೆರೆ ಹುಡುಕಲು ಸುಲಭ ದಾರಿ ಕಾಗದದ ಪಟ್ಟಿ. ಟ್ಯೂಬಿಗೆ ಒಂದು ಸುತ್ತು ಸುತ್ತಿ, ಸರಿಯಾಗಿ ಕತ್ತರಿಸಿ, ನಾಲ್ಕಾಗಿ ಮಡಚಿ. ಒಂದು ಮಡಿಕೆಯನ್ನು ಕೆಳಗಿನ ಕಾಕಿಂಗ್ ಸ್ಲಾಟಿನ ನಡುವಿಗೆ ಹೊಂದಿಸಿ ಮತ್ತೆ ಸುತ್ತಿದರೆ ಎದುರಿನ ಮಡಿಕೆ ನೆತ್ತಿ ತೋರಿಸುತ್ತದೆ. ಇನ್ನೂ ಒಳ್ಳೆಯದು, ರೈಲನ್ನೇ ಕ್ಲಾಂಪ್ ಮಾಡಿ ಮುಂದಿನ ತೂತು ಮೊದಲು ಕೊರೆದು, ಸ್ಕ್ರೂ ಹಾಕಿ, ರೈಲ್ ನೇರ ಮಾಡಿಕೊಂಡು, ರೈಲಿನ ತೂತಿನ ಮೂಲಕವೇ ಹಿಂದಿನದಕ್ಕೆ ಗುರುತು ಹಾಕೋದು.

ಶೃಂಗೇರಿ_ರಸ್ತೆ
ವಿಷಯ ಬೇರೆ, ಕ್ಷಮಿಸಿ. ನಮ್ಮ ಅಜ್ಜನ ಕಾಲದ .315 ರೈಫಲ್ ಇದೆ, ತೋಟದ ರಕ್ಷಣೆಗೆ ಅಂತ ಲೈಸೆನ್ಸ್ ಇರುವುದು. ಅದಕ್ಕೂ ಹೀಗೇ ಸ್ಕೋಪ್ ಬೇಸ್ ಕೊರೆಸಬಹುದಾ? ಇಲ್ಲಿ ಒಬ್ಬರು ಲೇತಿನವರು ಮಾಡಿಕೊಡುತ್ತೇನೆ ಅಂದಿದ್ದಾರೆ.

ಕೊಪ್ಪ_ಕಾಡುದಾರಿ
ಬೇಡ ಮಾರಾಯ್ರೆ! 4.5 ಮಿ.ಮೀ. ಏರ್ ರೈಫಲ್ಲಿನ ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ ಲೈಸೆನ್ಸ್ ಬೇಡ, ಅದಕ್ಕೇ ಇಲ್ಲಿ ಇಷ್ಟು ಆರಾಮಾಗಿ ಮಾತಾಡುತ್ತಿದ್ದೇವೆ. ನಿಮ್ಮದು ಬೆಂಕಿಕೋವಿ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಕಸುಬು ಮಾಡುವವರಿಗೇ ಲೈಸೆನ್ಸ್ ಬೇಕು. ಲೇತಿನವರು ಒಳ್ಳೆಯವರೇ ಇರಬಹುದು. ಆದರೆ ಅವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುತ್ತೀರಲ್ಲ, ಆಗ ಹೊಸ ತೂತು ಎಲ್ಲಿಂದ ಬಂತು ಅಂತ ಕೇಳಿದರೆ ಎಂತ ಹೇಳುತ್ತೀರಿ? ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ.

ಭದ್ರಾವತಿ_ಟೂಲ್‌ರೂಮ್
ಕಾನೂನು ಪಕ್ಕಕ್ಕಿಟ್ಟರೂ ಬೇಡ. ಈಶಾಪುರದ ಸರ್ಕಾರಿ ಕಾರ್ಖಾನೆಯ .315 ಹಳೆಯ ಬ್ರಿಟಿಷ್ ಸೇನಾ ರೈಫಲ್ ಲೀ-ಎನ್‌ಫೀಲ್ಡ್ ಮಾದರಿಯದ್ದು. ಅದರ ರಿಸೀವರ್ (ಬೋಲ್ಟ್ ಕೂರುವ ಮೈ) ಹದ ಹಾಕಿದ ಉಕ್ಕು. ಮೇಲೆ ರೈಲ್ ಕೂರಿಸಲು ಒಳ್ಳೆಯ ಜಾಗವೂ ಇಲ್ಲ, ಹಿಂಭಾಗ ತೆರೆದೇ ಇರುತ್ತದೆ. ಬಿಟ್ ಜಾರುತ್ತದೆ, ಟ್ಯಾಪ್ ಒಳಗೇ ಮುರಿಯುತ್ತದೆ. ಅಲ್ಲಿ ತೂತು ತಪ್ಪಿದರೆ ವೆಲ್ಡ್ ಅಂತೂ ಆಗಲೇಬಾರದು. ರಿಸೀವರ್ ಗುಂಡಿನ ಒತ್ತಡ ತಡೆಯುವ ಭಾಗ, ಬಿಸಿಗೆ ಹದ ಹೋದರೆ ತಡೆಯುತ್ತದೆ ಅಂತ ನಂಬೋ ಹಾಗಿಲ್ಲ, ಅದರ ಹಿಂದೆ ನಿಮ್ಮ ಮುಖ ಇರುತ್ತದೆ. ಲೀ-ಎನ್‌ಫೀಲ್ಡಿಗೆ ಕೊರೆಯದೇ ಕೂರಿಸುವ ಮೌಂಟುಗಳಿವೆ, ಗನ್‌ಸ್ಮಿತ್ ಹತ್ತಿರ ಅದನ್ನು ಕೇಳಿ.

ಶೃಂಗೇರಿ_ರಸ್ತೆ
ಸರಿ ಸರ್, ಹಾಗೇ ಮಾಡುತ್ತೇನೆ. ಲೇತಿನವರಿಗೆ ಬೇಡ ಅಂದೆ.

ಹೊಸನಗರ_ತೋಟ
ರೈಲ್ ಕೆಲಸ ಆಯಿತು. ಗ್ರಬ್ ಸ್ಕ್ರೂ ಚುಕ್ಕೆ ಹಾಕಿ ನೋಡಿದರೆ ಜಾರಿದ್ದು 0.7 ಅಲ್ಲ, 0.8 ಇತ್ತು. ಉದ್ದಕ್ಕೂ 0.2 ಹೆಚ್ಚು. ಎರಡಕ್ಕೂ ಸೇರಿಸಿ ಸ್ಲಾಟ್ ಮಾಡಿಸಿದೆ. ಮೂಲೆಮಟ್ಟ ಇಟ್ಟು ನೋಡಿದೆ, ತೂತು ನೆಟ್ಟಗೇ ಇದೆ, ಪುಣ್ಯ. ಈಗ ರೈಲ್ ಟ್ಯೂಬ್ ಮೇಲೆ ಎರಡೂ ಕಡೆ ಸಮ ಕೂರುತ್ತದೆ, ಬೆಳಕು ಕಾಣಲ್ಲ.

ಇನ್ನು ರೈಲಿನ ಅಡಿಗೆ ಅರಲ್ಡೈಟ್ ಅಂಟು ಹಾಕಬೇಕಾ? ಮಳೆ ಬೇರೆ ಶುರುವಾಗಿದೆ.

ಭದ್ರಾವತಿ_ಟೂಲ್‌ರೂಮ್
ಹಾಕಿ. ಸ್ಲಾಟ್ ಇರುವ ಕಡೆ ಸ್ಕ್ರೂ ಒತ್ತಡದಿಂದ ಮಾತ್ರ ಹಿಡಿಯುತ್ತದೆ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಮುಂದೆ ಹೋಗಿ ಬಡಿದ ಕೂಡಲೇ ಮುಂದಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ಸೈಟ್ ಹಿಂದಕ್ಕೆ ಜಾರುತ್ತದೆ. ಬೇರೆ ಬಂದೂಕಿನಲ್ಲಿ ವರ್ಷಗಟ್ಟಲೆ ಬಾಳಿದ ಸ್ಕೋಪ್ ಇದರ ಮೇಲೆ ಬೇಗ ಹಾಳಾಗೋದೂ ಅದಕ್ಕೇ.

ಟ್ಯೂಬ್ ಮತ್ತು ರೈಲಿನ ಅಡಿ ಎರಡನ್ನೂ ಥಿನ್ನರಿನಲ್ಲಿ ಒರೆಸಿ, ಎಣ್ಣೆಯ ಪಸೆಯೂ ಇರಬಾರದು. ಸ್ಕ್ರೂ ಮೇಲೆ ಮಾತ್ರ ತೆಳುವಾಗಿ ಮೇಣ ಹಚ್ಚಿ, ಮುಂದೆ ಬಿಚ್ಚಲು ಬೇಕಲ್ಲ. ನಿಧಾನಕ್ಕೆ ಒಣಗುವ ಅರಲ್ಡೈಟ್ ತೆಗೆದುಕೊಳ್ಳಿ, ಐದು ನಿಮಿಷದ್ದು ಬೇಡ. ಸ್ಲಾಟಿನ ಖಾಲಿ ಜಾಗವನ್ನೂ ಅದು ತುಂಬಲಿ, ಆಗ ಸ್ಕ್ರೂ ಪಕ್ಕಕ್ಕೆ ಅಲುಗಲ್ಲ. ನಮ್ಮ ಮಳೆಗಾಲದಲ್ಲಿ ಅದು ಗಟ್ಟಿಯಾಗಲು ತಡ ಮಾಡುತ್ತದೆ. ಅಡಿಕೆ ಡ್ರೈಯರ್ ಇದ್ದರೆ ಆ ಕೋಣೆಯ ಬೆಚ್ಚಗಿನ ಮೂಲೆಯಲ್ಲಿ ರಾತ್ರಿ ಇಡಿ.

ಮಲೆನಾಡ್_ಗ್ಯಾರೇಜ್
ಡ್ರೈಯರಿನಲ್ಲಿ ಅಡಿಕೆ ಜೊತೆ ಕೋವಿ ಒಣಗಿಸಿದ್ದು ಈಗಲೇ ಕೇಳಿದ್ದು. ವೆಲ್ಡಿಂಗ್ ಸಲಹೆ ವಾಪಸ್ ತೆಗೆದುಕೊಂಡಿದ್ದೇನೆ. ಸ್ಕ್ರೂ ಒಳಗೆ ಚಾಚಿದರೆ ಪಿಸ್ಟನ್ ಗೀರಲ್ವಾ?

ಭದ್ರಾವತಿ_ಟೂಲ್‌ರೂಮ್
ಗೀರುತ್ತದೆ. ಒಳ್ಳೆಯದಾಯಿತು ನೆನಪಿಸಿದಿರಿ, ಇಂಜಿನ್ ಕೇಸ್ ಕೆಲಸದವರಿಗೆ ಇದು ಗೊತ್ತಿರುತ್ತದೆ. ಸ್ಕ್ರೂ ಬಿಗಿ ಮಾಡಿದ ಮೇಲೆ ತುದಿ ಟ್ಯೂಬಿನ ಒಳಮೈಗಿಂತ ಕಾಲು ಮಿ.ಮೀ. ಆದರೂ ಹಿಂದೆ ಇರಬೇಕು. ಜಾಸ್ತಿ ಉದ್ದ ಇದ್ದರೆ ನಟ್ ಹಾಕಿ ಹಿಡಿದು ತುದಿ ಉಜ್ಜಿ. ನಟ್ ಬಿಚ್ಚುವಾಗ ಥ್ರೆಡ್ಡಿನ ಬಾಯಿ ತಾನೇ ಸರಿಯಾಗುತ್ತದೆ. ತೂತಿನ ಒಳಬಾಯಿಯ ಚೂಪು ಅಂಚನ್ನೂ ತೆಗೆಯಿರಿ. ಒಂದು ಕೋಲಿಗೆ ಎಮರಿ ಕಾಗದ ಸುತ್ತಿ ಒಳಗೆ ಆಡಿಸಿದರೆ ಸಾಕು. ಆಮೇಲೆ ಉಕ್ಕಿನ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ.

ಸ್ಪ್ರಿಂಗ್ ಹಾಕದೇ ಬರೀ ಪಿಸ್ಟನ್ ಸೇರಿಸಿ. ಪಿಸ್ಟನ್ ಮೈಗೆ ಮಾರ್ಕರ್ ಬಳಿದು ಹಿಂದೆ ಮುಂದೆ ಓಡಿಸಿ. ಬಣ್ಣದಲ್ಲಿ ಗೆರೆ ಬಿದ್ದರೆ ಸ್ಕ್ರೂ ಇನ್ನೂ ಉದ್ದ ಇದೆ. ಗೆರೆ ಇಲ್ಲದ ಮೇಲೆಯೇ ಸ್ಪ್ರಿಂಗ್. ಸ್ಪ್ರಿಂಗ್ ಹಾಕುವಾಗ ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಬಳಸಿ, ಕೈಯಲ್ಲಿ ಒತ್ತಿ ಹಿಡಿಯುವ ಸಾಹಸ ಬೇಡ.

ಹೊಸನಗರ_ತೋಟ
ಮುಂದಿನ ಸ್ಕ್ರೂ ಗೆರೆ ಹಾಕುತ್ತಿತ್ತು ಸರ್! ಹಿಂದಿನದೇ ತೊಂದರೆ ಅಂತ ಮುಂದಿನದನ್ನು ಯಾರೂ ನೋಡಿರಲಿಲ್ಲ. ತುದಿ ಉಜ್ಜಿದ ಮೇಲೆ ಸರಿಯಾಯಿತು.

ಪೀಪ್ ಕೂರಿಸಿ ಹೊಡೆದು ನೋಡಿದಳು. ನಾಬ್ ಸ್ವಲ್ಪ ಎಡಕ್ಕೆ ತಿರುಗಿಸುವಷ್ಟರಲ್ಲಿ ಗುಂಪು ಕಪ್ಪಿನ ನಡುವೆ ಬಂತು. ಎರಡೂ ಕಡೆಗೆ ಇನ್ನೂ ಬೇಕಾದಷ್ಟು ಜಾಗ ಇದೆ. ಪೀಪ್ ಹಿಂದಕ್ಕೆ ಜಾರದಿರಲು ರೈಲಿನ ಹಿಂದೆ ಪಿನ್ ಹಾಕಿಸಬೇಕಾ?

ಭದ್ರಾವತಿ_ಟೂಲ್‌ರೂಮ್
ಹಾಕಿಸಿ. ಪಿನ್ ತೂತು ರೈಲಿನಲ್ಲೇ ನಿಲ್ಲಲಿ, ಟ್ಯೂಬಿಗೆ ಇಳಿಯಬಾರದು. ಈಗ ಪೀಪ್ ಇರುವ ಜಾಗದ ಹಿಂದೆ ಪೆನ್ಸಿಲ್ ಗೆರೆ ಎಳೆದು ಒಂದು ಡಬ್ಬಿ ಪೆಲೆಟ್ ಹೊಡೆಯಲಿ. ಗೆರೆ ಬಿಟ್ಟು ಸರಿದಿದ್ದರೆ ಪಿನ್ ಎಲ್ಲಿ ಬೇಕು ಅಂತ ತಿಳಿಯುತ್ತದೆ. ಅಷ್ಟು ಹೊಡೆದ ಮೇಲೆ ಎರಡೂ ಸ್ಕ್ರೂ ಒಮ್ಮೆ ನೋಡಿ, ಮೊದಲ ಸಲ ಸ್ವಲ್ಪ ಸಡಿಲ ಆಗೋದು ಸಹಜ. ಆಗ ನೀಲಿ ಲಾಕ್‌ಟೈಟ್ ಒಂದು ಹನಿ. ಕೆಂಪು ಬೇಡ, ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಅಡಿಯಲ್ಲಿರುವ ಅರಲ್ಡೈಟ್ ಏಳುತ್ತದೆ.